ನಿಮ್ಮನೇಲಿ ಕರೆಂಟ್ ಇದೆಯಾ?

ಜೂನ್ ೧೦

ಪುಟ್ಟೀ,

ಶಾಲೆ ಶುರುವಾಯಿತು. ಹೊಸ ಸುಣ್ಣದ ವಾಸನೆ, ಹೊಸ ಪುಸ್ತಕದ ವಾಸನೆ, ನಲವತ್ತೆರಡು ಮಕ್ಕಳ ಬೆವರಿನ ವಾಸನೆ. ಇವು ಸೇರಿದ ಮೇಲೆಯೇ ನನಗೆ ಜೀವ ಬಂದ ಹಾಗೆ. ಈ ವರ್ಷ ಒಂಬತ್ತನೇ ತರಗತಿಗೆ ನಾನೇ ಕ್ಲಾಸ್ ಟೀಚರ್. ಜೀವಶಾಸ್ತ್ರ ಸಾಲದು ಎಂದು ಮೇಲಿನವರು ಇನ್ನೊಂದು ಕೆಲಸ ತಲೆಗೆ ಕಟ್ಟಿದ್ದಾರೆ. ಪ್ರತಿ ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ಖಿನ್ನತೆಯ ಬಗ್ಗೆ ಪಾಠ ಮಾಡಬೇಕು. ಅದೂ ಒಂದು ಕಾಯಿಲೆ, ಅದಕ್ಕೂ ಔಷಧಿ ಇದೆ, ಹೇಳಿಕೊಳ್ಳಲು ನಾಚಿಕೆಪಡಬೇಕಾಗಿಲ್ಲ ಎಂದು ಮಕ್ಕಳಿಗೆ ಮನದಟ್ಟು ಮಾಡಬೇಕು.

ಹೆಡ್ ಮಾಸ್ತರಿಗೆ ಇದು ಸುತರಾಂ ಇಷ್ಟವಿಲ್ಲ. "ಇಲ್ಲದ ರೋಗಾನ ಮಕ್ಕಳ ತಲೇಲಿ ಬಿತ್ತಬೇಡಿ ಮೇಡಂ, ಆಮೇಲೆ ಪರೀಕ್ಷೆ ಬರೆಯೋಕೆ ಒಬ್ಬನೂ ಸಿಗಲ್ಲ" ಎಂದರು.

ಮೊದಲ ಪಾಠ ನೆಲಕಚ್ಚಿತು. ಬೋರ್ಡಿನ ಮೇಲೆ ಖಿನ್ನತೆ ಎಂದು ಬರೆದೆ. ಒಬ್ಬ ಅದನ್ನು "ಭಿನ್ನತೆ" ಎಂದು ಓದಿದ, ಇಡೀ ಕ್ಲಾಸು ನಕ್ಕಿತು. ನಮ್ಮಲ್ಲೊಬ್ಬಳು ಹುಡುಗಿ ಇದ್ದಾಳೆ, ಎಲ್ಲದಕ್ಕೂ ಪಾಟೀಸವಾಲು ಹಾಕುವುದರಿಂದ ಅವಳಿಗೆ ವಕೀಲೆ ಎಂದೇ ಹೆಸರು. ಅವಳು ಎದ್ದು ನಿಂತು, "ಟೀಚರ್, ಇದು ಪರೀಕ್ಷೇಲಿ ಮಾತ್ರ ಬರೋ ಪದ. ಮನೇಲಿ ಯಾರಾದ್ರೂ 'ಅಮ್ಮಾ ನನಗೆ ಖಿನ್ನತೆ ಆಗಿದೆ' ಅಂತಾರಾ? ಬೇಜಾರು ಅಂತೀವಿ. ಬೇಜಾರು ಅಂದ್ರೆ ಹೋಗಿ ಟೀವಿ ನೋಡು ಅಂತಾರೆ" ಎಂದಳು.

ವಾರಪತ್ರಿಕೆಗೆ ಪದಬಂಧ ಕಟ್ಟಿ ಹೊಟ್ಟೆ ಹೊರೆಯುವವಳು ನೀನು. ಮಕ್ಕಳ ಬಾಯಲ್ಲಿ ಆಡುವಂಥ ಒಂದು ಪದ ಹುಡುಕಿ ಕೊಡು. ನಿನ್ನ ಹೊಸ ವಿಳಾಸ ಸರಿಯಾಗಿ ಬರೆದಿದ್ದೇನೆ ತಾನೇ?

ನಿನ್ನ ಅಕ್ಕ


ಜೂನ್ ೨೧

ಅಕ್ಕಾ,

ನೀನು ಎರಡು ಸಲ ಫೋನ್ ಮಾಡಿದ್ದೆ. ನಾನು ಬೇಕೆಂದೇ ತೆಗೆಯಲಿಲ್ಲ. ಫೋನಿನಲ್ಲಿ ನೀನು ಟೀಚರ್, ಕಾಗದದಲ್ಲಿ ಅಕ್ಕ. ನನಗೆ ಅಕ್ಕನೇ ಇರಲಿ.

ವಿಳಾಸ ಸರಿಯಾಗಿದೆ. ಲಾಂಡ್ರಿಯ ಮೇಲಿನ ಒಂದೇ ಕೋಣೆ. ಕೆಳಗಿನ ಹಬೆಗೆ ನೆಲ ಸದಾ ಬೆಚ್ಚಗಿರುತ್ತದೆ, ಬೆಕ್ಕಾಗಿ ಹುಟ್ಟಿದ್ದರೆ ಸ್ವರ್ಗ. ಅದೇ ಹಬೆಗೆ ಬಾಗಿಲಿನ ಮರ ಉಬ್ಬಿಕೊಂಡಿದೆ. ಭುಜ ಕೊಟ್ಟು ತಳ್ಳಿದರೆ ಮಾತ್ರ ತೆರೆಯುತ್ತದೆ. ಹಾಲಿನವನು, ಮೀಟರ್ ನೋಡುವವನು, ಬಂದವರೆಲ್ಲ ಒಳಗಿನಿಂದ ಚಿಲಕ ಹಾಕಿದೆ ಎಂದುಕೊಂಡು ಹಿಂತಿರುಗುತ್ತಾರೆ. ನಾನೂ ಸುಮ್ಮನಿರುತ್ತೇನೆ. ಕೆಟ್ಟ ಬಾಗಿಲು, ಒಳ್ಳೆಯ ಕಾವಲುಗಾರ.

ನಿನ್ನ ವಕೀಲೆ ಗೆದ್ದಳು. ಬಾಯಿತುಂಬ ಬ್ರೆಡ್ ಇಟ್ಟುಕೊಂಡೂ ಹೇಳಲು ಬರುವ ಪದ ಬೇಕು. ಮಕ್ಕಳು "ಕರೆಂಟ್ ಹೋಗಿದೆ" ಎನ್ನಲಿ. ಕರೆಂಟ್ ಹೋದರೆ ಯಾರೂ ಬಲ್ಬಿಗೆ ಬಯ್ಯುವುದಿಲ್ಲ. ಸೋಮಾರಿ ಬಲ್ಬು, ನಾಲ್ಕು ದಿನ ವಾಕಿಂಗ್ ಹೋಗು ಎಲ್ಲ ಸರಿಹೋಗುತ್ತೆ ಎನ್ನುವುದಿಲ್ಲ. ಎಲ್ಲರೂ ಬಾಗಿಲಿಗೆ ಬಂದು ಪಕ್ಕದವರನ್ನು ಕೇಳುತ್ತಾರೆ, "ನಿಮ್ಮನೇಲಿ ಇದೆಯಾ?" ಆಮೇಲೆ ಲೈನ್‌ಮನ್‌ಗೆ ಹೇಳಿ ಕಳಿಸುತ್ತಾರೆ. ನೀನು ವರ್ಷವಿಡೀ ಕಲಿಸಬೇಕಾದದ್ದು ಇಷ್ಟೇ ತಾನೇ?

ಒಂದು ಮಾತು ಮಾತ್ರ ತಿದ್ದಿ ಹೇಳು. ಅದು ಕತ್ತಲೆಯ ಹಾಗೆ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ, ಅದು ತಪ್ಪು. ಕತ್ತಲೆಗೆ ಕಣ್ಣು ಒಗ್ಗಿಕೊಳ್ಳುತ್ತದೆ. ಇದರಲ್ಲಿ ಎಲ್ಲವೂ ಕಾಣಿಸುತ್ತಿರುತ್ತದೆ, ಕುರ್ಚಿ, ಲೋಟ, ತೊಳೆಯದ ತಟ್ಟೆ. ಸ್ವಿಚ್ಚು ಒತ್ತಿದರೆ ಏನೂ ಆಗುವುದಿಲ್ಲ, ಅಷ್ಟೇ. ನಿನಗೆ ಹೇಗೆ ಗೊತ್ತು ಎಂದು ಕೇಳಬೇಡ. ಪದಬಂಧದವರಿಗೆ ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತಿರುತ್ತದೆ.

ತಂಗಿ


ಜುಲೈ ೨

ಪುಟ್ಟೀ, ನೀನು ಬಂಗಾರ ಕಣೇ!

ನಿನ್ನ ಪದ ಶಾಲೆಯನ್ನೇ ಹಿಡಿದುಬಿಟ್ಟಿದೆ. ಬೆಳಿಗ್ಗೆ ಹಾಜರಿ ಕೂಗುವಾಗ "ಕರೆಂಟ್ ಇದೆಯಾ?" ಎಂದು ಕೇಳುತ್ತೇನೆ. "ಇದೆ ಟೀಚರ್" ಎನ್ನುತ್ತಾರೆ. ಒಬ್ಬಳು "ವೋಲ್ಟೇಜ್ ಕಮ್ಮಿ" ಅಂದಳು. ಇನ್ನೊಬ್ಬಳು ಎಲ್ಲರೆದುರೇ ಎದ್ದು, "ಹೋದ ವರ್ಷ ನಮ್ಮ ಅಕ್ಕನಿಗೆ ಪೂರ್ತಿ ಹೋಗಿತ್ತು, ಡಾಕ್ಟರ ಹತ್ರ ಹೋದ್ವಿ, ಈಗ ಬಂದಿದೆ" ಎಂದಳು. ಯಾರೂ ನಗಲಿಲ್ಲ. ಹುಚ್ಚು ಎಂಬ ಪದ ಯಾರ ಬಾಯಿಂದಲೂ ಬರಲಿಲ್ಲ. ನನಗೆ ಅಳು ಬಂತು, ಬೋರ್ಡು ಒರೆಸುವ ನೆಪ ಮಾಡಿಕೊಂಡು ತಿರುಗಿ ನಿಂತೆ.

ನನ್ನ ಕಣ್ಣು ಈಗ ಪೊಲೀಸರ ಕಣ್ಣಾಗಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಮೂರು ದಿನ ತಲೆ ಎತ್ತಲಿಲ್ಲ, ಊಟ ಮುಟ್ಟಲಿಲ್ಲ. ಸಿಕ್ಕಿದ ಎಂದುಕೊಂಡು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈಯಿಟ್ಟು, ಮೆತ್ತಗೆ ಕೇಳಿದೆ. "ಹಲ್ಲುನೋವು ಟೀಚರ್" ಎಂದ! ಈಗ ಅವನಿಗೆ ಹಲ್ಲುನೋವು ಎಂದೇ ಅಡ್ಡಹೆಸರು ಬಿದ್ದಿದೆ, ಪಾಪ.

ಪಾಠಕ್ಕೆ ತಯಾರಾಗುವಾಗಲೆಲ್ಲ ಅಮ್ಮನ ನೆನಪು. ನೀನಾಗ ಒಂದನೇ ತರಗತಿ, ನಿನಗೆ ಎಷ್ಟು ನೆನಪಿದೆಯೋ. ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಷ್ಟು ಕಾಲವೂ ಮನೆಗೆ ಬಂದವರಿಗೆಲ್ಲ "ಅಮ್ಮನಿಗೆ ತಲೆನೋವು" ಎಂದು ಹೇಳಬೇಕಿತ್ತು. ಅಪ್ಪ ಹೇಳಿಕೊಟ್ಟ ಪದ. ಒಂದು ಬೆಳಿಗ್ಗೆ ಅಮ್ಮ ತಾನಾಗಿ ಎದ್ದಳು, ತಲೆ ಬಾಚಿಕೊಂಡಳು, ನಮ್ಮಿಬ್ಬರಿಗೂ ಜಡೆ ಹೆಣೆದಳು. "ತಲೆನೋವು ಪೂರ್ತಿ ಹೋಯ್ತು ಕಣ್ರೇ" ಎಂದಳು. ನಾನು ಕುಣಿದಾಡಿದೆ. ಮರುದಿನ ಅಮ್ಮ ಇರಲಿಲ್ಲ.

ಪುಣ್ಯಕ್ಕೆ ಅದು ಅಮ್ಮನ ಜೊತೆಗೇ ಮುಗಿಯಿತು. ನೀನೂ ನಾನೂ ಅಪ್ಪನ ಕಡೆಯವರು, ಗಟ್ಟಿ ಪಿಂಡಗಳು. ನಮ್ಮನ್ನು ಬಂಡೆಗೆ ಬಡಿದರೆ ಬಂಡೆಯೇ ಒಡೆದೀತು.

ನಿನ್ನ ಅಕ್ಕ


ಜುಲೈ ೧೯

ಅಕ್ಕಾ,

ಉತ್ತರ ತಡವಾಯಿತು. ಕೆಲಸ ಜಾಸ್ತಿ. (ತಡವಾಗಿ ಬರೆಯುವವರು ಹೇಳುವ ಸುಳ್ಳು, ಐದಕ್ಷರ.)

ಜಡೆ ನೆನಪಿದೆ. ಬಹಳ ಬಿಗಿಯಾಗಿ ಹೆಣೆದಿದ್ದಳು. ಆಮೇಲೆ ಎಷ್ಟೋ ದಿನ ಅದನ್ನು ಬಿಚ್ಚಲು ನಾನು ಯಾರಿಗೂ ಬಿಡಲಿಲ್ಲ. ಕೊನೆಗೆ ಅತ್ತೆ ನನ್ನನ್ನು ಹಿಡಿದು ಕೂರಿಸಿ ಕತ್ತರಿಸಿದರು.

ಗಟ್ಟಿ ಪಿಂಡ ಎಂದು ಬರೆದಿದ್ದೀಯ. ಆ ಸಾಲಿನ ಕೆಳಗೆ ಒಂದು ಗೆರೆ ಎಳೆದಿಟ್ಟಿದ್ದೇನೆ.

ಸಂಪಾದಕರ ಹತ್ತಿರ ರಜೆ ಕೇಳಿದೆ. "ಮೈ ಸರಿ ಇಲ್ವಾ?" ಎಂದರು. ಮೈ ಸರಿಯಾಗಿದೆ ಎಂದೆ. "ಮತ್ತೇನು?" ಎಂದರು. ನಿನ್ನ ಮಕ್ಕಳ ಪದ ನಾಲಿಗೆಯ ತುದಿಗೆ ಬಂದಿತ್ತು. ಅವರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. "ತಲೆನೋವು" ಎಂದೆ.

ನಿನ್ನ ಕ್ಲಾಸಿನಲ್ಲಿ ಈ ಪ್ರಶ್ನೆ ಯಾರಾದರೂ ಕೇಳಿದರೇ? ಕರೆಂಟ್ ಹೋದಾಗ ಎಲ್ಲರೂ ಬಾಗಿಲಿಗೆ ಬಂದು ಪಕ್ಕದವರನ್ನು ಕೇಳುತ್ತಾರೆ, ಸರಿ. ಬಾಗಿಲವರೆಗೆ ಬರಲಿಕ್ಕೇ ಆಗದವರು ಏನು ಮಾಡಬೇಕು?

ತಂಗಿ


ಜುಲೈ ೨೭

ಪುಟ್ಟೀ,

ತಲೆನೋವಿಗೆ ಮೊದಲು ಕನ್ನಡಕ ಬದಲಾಯಿಸು. ಹಗಲೂ ರಾತ್ರಿ ಕಪ್ಪು ಬಿಳಿ ಚೌಕ ನೋಡುತ್ತಿದ್ದರೆ ಕಣ್ಣು ಸೋಲದೆ ಇನ್ನೇನಾಗುತ್ತದೆ?

ನಿನ್ನ ಪ್ರಶ್ನೆ ಬಹಳ ಚೆನ್ನಾಗಿದೆ. ಶುಕ್ರವಾರ ಅದನ್ನೇ ಬೋರ್ಡಿನ ಮೇಲೆ ಬರೆದು ಚರ್ಚೆ ಮಾಡಿಸಿದೆ. ಬಾಗಿಲಿಗೆ ಬರಲಾಗದವರ ಮನೆಗೆ ನಾವೇ ಹೋಗಬೇಕು, ಬಾಗಿಲು ಬಡಿಯಬೇಕು, ತೆರೆಯಲಿಲ್ಲ ಎಂದು ಸಿಟ್ಟು ಮಾಡಿಕೊಳ್ಳಬಾರದು, ಇದು ಮಕ್ಕಳ ಒಮ್ಮತದ ತೀರ್ಮಾನ. ಎಷ್ಟು ಜಾಣರು ನೋಡು!

ಈ ವಾರ ಅಪಾಯದ ಗುರುತುಗಳನ್ನು ಹೇಳಿಕೊಟ್ಟೆ. ಪ್ರಾಣದಂತೆ ಇಟ್ಟುಕೊಂಡಿದ್ದ ವಸ್ತುವನ್ನು ಸುಮ್ಮಸುಮ್ಮನೆ ಯಾರಿಗೋ ಕೊಟ್ಟುಬಿಡುವುದು. ತಿಂಗಳುಗಟ್ಟಲೆ ಕುಗ್ಗಿದ್ದವರು ಇದ್ದಕ್ಕಿದ್ದಂತೆ ಹಗುರವಾಗುವುದು. ನನಗೆ ಒಂಬತ್ತನೇ ತರಗತಿಯಲ್ಲಿ ಯಾರಾದರೂ ಇದನ್ನು ಕಲಿಸಿದ್ದರೆ ಆ ಬೆಳಿಗ್ಗೆ ಕುಣಿಯುತ್ತಿರಲಿಲ್ಲ, ಅಮ್ಮನ ಸೆರಗು ಹಿಡಿದುಕೊಂಡೇ ಕೂರುತ್ತಿದ್ದೆ.

ಒಬ್ಬ ತಂದೆ ಬಂದು ಜಗಳವಾಡಿ ಹೋದರು. "ನನ್ ಮಗಳು ರಾತ್ರಿ ಊಟಕ್ಕೆ ಕೂತು 'ಅಪ್ಪಾ ನಿಂಗೆ ಕರೆಂಟ್ ಇದೆಯಾ' ಅಂತ ಕೇಳ್ತಾಳೆ. ನಾನೇನು ಹುಚ್ಚನಾ?" ಎಂದು ಕೂಗಿದರು. ಕೂಗಿ ಕೂಗಿ ಸುಸ್ತಾಗಿ, ಗೇಟಿನ ಬಳಿ ಬಹಳ ಹೊತ್ತು ಸುಮ್ಮನೆ ನಿಂತಿದ್ದು ಹೋದರು. ಯಾಕೋ ಅವರದ್ದೇ ಚಿಂತೆ ನನಗೆ.

ಒಂದೇ ತಕರಾರು. ಪದ ಈಗ ಸ್ವಲ್ಪ ಸದರವಾಗಿದೆ. ಹೋಂವರ್ಕ್ ಯಾಕೆ ಮಾಡಿಲ್ಲ ಎಂದರೆ "ಕರೆಂಟ್ ಹೋಗಿತ್ತು ಟೀಚರ್" ಎನ್ನುತ್ತಾರೆ. ಯಾವ ಕರೆಂಟ್ ಎಂದು ಕೇಳಿದರೆ ಹಲ್ಲು ಕಿರಿಯುತ್ತಾರೆ. "ಬರುತ್ತೆ ಬಿಡೋ" ಎಂದು ನಾನೂ ಮುಂದೆ ಹೋಗುತ್ತೇನೆ.

ನಿನ್ನ ಅಕ್ಕ


ಆಗಸ್ಟ್ ೫

ಅಕ್ಕಾ,

ಇದರ ಜೊತೆಯ ಪಾರ್ಸೆಲ್‌ನಲ್ಲಿ ಅಪ್ಪನ ನಿಘಂಟು ಇದೆ. ನಿನ್ನ ಕ್ಲಾಸಿನಲ್ಲಿ ಇರಲಿ. 'ಮ' ಅಕ್ಷರದ ಪುಟಗಳ ಮೇಲೆ ನೀನು ಚೆಲ್ಲಿದ ಟೀ ಕಲೆ ಹಾಗೇ ಇದೆ. ಯಾರು ಚೆಲ್ಲಿದ್ದು ಎಂದು ಅಪ್ಪ ಕೇಳಿದಾಗ ನಾನೇ ಎಂದು ಹೇಳಿ ಏಟು ತಿಂದಿದ್ದೆ, ಆ ಲೆಕ್ಕ ಮನ್ನಾ.

ನನಗೆ ಇನ್ನು ಬೇಕಾಗುವುದಿಲ್ಲ. ಪದಗಳೆಲ್ಲ ಬಾಯಿಪಾಠವಾಗಿವೆ.

ಬೆಳಗಾಗುವ ಮೊದಲೇ ಎಚ್ಚರವಾಗುತ್ತದೆ. ಕೆಳಗೆ ಯಂತ್ರ ಶುರುವಾಗುವವರೆಗೆ ಕಾಯುತ್ತೇನೆ. ಅದು ಶುರುವಾದ ಮೇಲೆ ಅದು ನಿಲ್ಲುವವರೆಗೆ ಕಾಯುತ್ತೇನೆ.

ತಂಗಿ


ಆಗಸ್ಟ್ ೧೪

ಪುಟ್ಟೀ,

ನಿಘಂಟು ಬಂತು! ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಚ್ಚಿದಾಗ ಅಪ್ಪನ ಕೋಟಿನ ವಾಸನೆಯೇ ಬಂದ ಹಾಗಾಯಿತು. ನೀನು ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದವಳು, ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಇಷ್ಟು ದೊಡ್ಡ ಮನಸ್ಸು ಯಾವಾಗ ಬಂತೇ ನಿನಗೆ?

ಕಪಾಟಿನ ಮೇಲೆ ಇಟ್ಟಿದ್ದೇವೆ. ಮಕ್ಕಳು ನಿನ್ನನ್ನು "ಪದಬಂಧದ ಚಿಕ್ಕಮ್ಮ" ಎನ್ನುತ್ತಾರೆ. ಪತ್ರಿಕೆ ಬಂದ ಕೂಡಲೇ ನಿನ್ನ ಪುಟಕ್ಕೆ ಮುಗಿಬೀಳುತ್ತಾರೆ. ಹೋದ ವಾರದ್ದನ್ನು ಹಿಂದೆಯೇ ಬಿಡಿಸಿದ ಹಾಗಿದೆ ಎಂದು ವಕೀಲೆಯ ತಕರಾರು. ಅವಳಿಗೆ ಎಲ್ಲದರಲ್ಲೂ ಕಲ್ಲು ಹುಡುಕುವ ಚಟ. "ಅವರಿಗೆ ನಿಘಂಟು ಬೇಡ್ವಾ ಟೀಚರ್? ಬಡಗಿ ಉಳಿ ಕೊಟ್ಬಿಟ್ಟ ಹಾಗಾಯ್ತಲ್ಲ" ಎಂದೂ ಕೇಳಿದಳು. ಕೊಡುವವರಿಗೆ ಇಲ್ಲದ ಸಂಕಟ ನಿನಗೇಕೆ ಎಂದು ಬಾಯಿ ಮುಚ್ಚಿಸಿದೆ.

ಬೇಗ ಏಳುವುದು ಒಳ್ಳೆಯ ಅಭ್ಯಾಸ, ಬಿಡಬೇಡ. ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರು ಮಾಡಬೇಕು, ಇವತ್ತಿಗೆ ಇಷ್ಟೇ.

ನಿನ್ನ ಅಕ್ಕ


ಆಗಸ್ಟ್ ೨೬

ಅಕ್ಕಾ,

ಚಿಕ್ಕ ಕಾಗದ, ಕ್ಷಮಿಸು.

ನಮ್ಮನೇಲಿ ಕರೆಂಟ್ ಹೋಗಿದೆ. ತುಂಬ ದಿನವಾಯಿತು. ಮೊದಮೊದಲು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದೆ. ಈಗ ಸ್ವಿಚ್ಚು ಒತ್ತಿ ನೋಡುವುದನ್ನೂ ಬಿಟ್ಟಿದ್ದೇನೆ. ಕೆಳಗೆ ಲಾಂಡ್ರಿಯ ಯಂತ್ರ ಬೆಳಗಿನಿಂದ ದಡದಡ ಎನ್ನುತ್ತಲೇ ಇದೆ. ನೆಲದ ಮೇಲೆ ಮಲಗಿದರೆ ಕಿವಿಗಿಂತ ಮೊದಲು ಬೆನ್ನಿಗೆ ಕೇಳಿಸುತ್ತದೆ. ತಲೆಕೂದಲು ಗಂಟುಗಂಟಾಗಿದೆ, ಬಾಚಿಕೊಳ್ಳಲು ಕೈ ಮೇಲೇಳುವುದಿಲ್ಲ.

ನಿಮ್ಮನೇಲಿ ಇದೆಯಾ?

ತಂಗಿ


ಸೆಪ್ಟೆಂಬರ್ ೩

ಪುಟ್ಟೀ,

ನಮ್ಮನೇಲಿ ಇದೆಯಮ್ಮ, ದೇವರ ದಯೆ, ಈ ತಿಂಗಳು ಒಂದು ಸಲವೂ ಹೋಗಿಲ್ಲ.

ಅಷ್ಟು ದಿನ ಕರೆಂಟ್ ಇಲ್ಲದೆ ಕೈಕಟ್ಟಿ ಕೂರುವುದೇ? ನಿನ್ನದು ಯಾವಾಗಲೂ ಇದೇ ಕಥೆ, ಮೂಗಿನ ತನಕ ನೀರು ಬಂದರೂ ಬಾಯಿ ಬಿಡುವವಳಲ್ಲ. ಕರೆಂಟ್ ಆಫೀಸಿಗೆ ಹೋಗು, ನಾಲ್ಕು ಜನರಿಗೆ ಕೇಳಿಸುವ ಹಾಗೆ ಮಾತಾಡು. ನೀನು ಹೇಳದೇ 'ಇವಳ ಮನೆಯಲ್ಲಿ ಹೋಗಿದೆ' ಎಂದು ಲೈನ್‌ಮನ್‌ಗೇನು ಕನಸು ಬೀಳುತ್ತದೆಯೇ?

ಈ ಕಾಗದದ ಜೊತೆ ಒಂದು ಡಬ್ಬಿಯಲ್ಲಿ ದಪ್ಪ ಮೇಣದಬತ್ತಿ, ಒಂದು ಟಾರ್ಚು, ಅದರ ಸೆಲ್ಲು ಕಳಿಸಿದ್ದೇನೆ. ಮಂದ ಬೆಳಕಿನಲ್ಲಿ ಪದಬಂಧ ಕಟ್ಟಿ ಕಣ್ಣು ಹಾಳುಮಾಡಿಕೊಳ್ಳಬೇಡ. ತಲೆಗೆ ಒಂದಿಷ್ಟು ಎಣ್ಣೆ ಹಚ್ಚು, ಗಂಟು ತಾನಾಗಿ ಬಿಡುತ್ತದೆ.

ಇಲ್ಲಿ ಪಾಠಗಳು ಭರ್ಜರಿಯಾಗಿ ನಡೆದಿವೆ. ಮೇಲಿನವರು ಬಂದು ನನ್ನ ತರಗತಿ ನೋಡಿ, ಬೇರೆ ಶಾಲೆಗಳಿಗೂ ಹೀಗೇ ಕಲಿಸಿ ಎಂದು ಹೇಳಿಹೋದರು. ನಿನಗೂ ಅದರಲ್ಲಿ ಪಾಲಿದೆ.

ನಿನ್ನ ಅಕ್ಕ


ಸೆಪ್ಟೆಂಬರ್ ೧೧

ಅಕ್ಕಾ,

ಮೇಣದಬತ್ತಿ ಬಂತು. ಟಾರ್ಚೂ ಬಂತು. ಎಷ್ಟೋ ದಿನಗಳ ಮೇಲೆ ನಗು ಬಂತು. ಅಣಕಿಸುತ್ತಿಲ್ಲ, ನಿಜವಾಗಿ ನಕ್ಕೆ. ನಿನ್ನದೇನೂ ತಪ್ಪಿಲ್ಲ. ಓದುಗರಿಗೆ ಉತ್ತರ ಹೊಳೆಯಲಿಲ್ಲ ಎಂದರೆ ಸುಳಿವು ಕೊಟ್ಟವಳದ್ದೇ ತಪ್ಪು, ನಮ್ಮ ಕಸುಬಿನ ಮೊದಲ ನಿಯಮ ಅದು.

ಇವತ್ತು ಹಗುರವಾಗಿದೆ. ಕೋಣೆ ಗುಡಿಸಿದೆ. ತಟ್ಟೆ ಲೋಟ ತೊಳೆದು ಬೋರಲು ಹಾಕಿದೆ. ಹಾಲು ನಾಳೆಯಿಂದ ಬೇಡ ಎಂದು ಬಾಗಿಲಿಗೆ ಚೀಟಿ ಅಂಟಿಸಿದೆ. ತಲೆ ಬಾಚಿಕೊಂಡೆ, ಗಂಟು ಬಿಡಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ಜಡೆಯನ್ನೂ ಹೆಣೆದುಕೊಂಡೆ, ಬಿಗಿಯಾಗಿ. ತಲೆನೋವು ಪೂರ್ತಿ ಹೋಯಿತು ಅಕ್ಕಾ.

ಭಾನುವಾರ ಲಾಂಡ್ರಿಗೆ ರಜೆ. ಆ ದಿನ ಇಲ್ಲಿ ಒಂದು ಸದ್ದೂ ಇರುವುದಿಲ್ಲ.

ಪಾಠ ಬಿಡಬೇಡ. ನೀನು ಒಳ್ಳೆಯ ಟೀಚರ್.

ತಂಗಿ


ಸೆಪ್ಟೆಂಬರ್ ೧೨, ಬಸ್ ನಿಲ್ದಾಣ

ಪುಟ್ಟೀ,

ಈ ಕಾಗದಕ್ಕಿಂತ ಮೊದಲು ನಾನೇ ನಿನ್ನನ್ನು ಮುಟ್ಟುತ್ತೇನೆ. ಆದರೂ ಬರೆಯುತ್ತಿದ್ದೇನೆ, ಬಸ್ಸು ಬರುವವರೆಗೆ ಸುಮ್ಮನೆ ಕೂರಲಾಗದು.

ಇವತ್ತು ಕೊನೆಯ ಪೀರಿಯಡ್‌ನಲ್ಲಿ ಮಕ್ಕಳು ಚಿಕ್ಕಮ್ಮನ ಸಮಾಚಾರ ಕೇಳಿದರು. ಪದ ಕೊಟ್ಟವಳ ಮನೆಯಲ್ಲೇ ನಿಜವಾಗಿ ಕರೆಂಟ್ ಹೋಗಿದೆ ನೋಡಿ ಎಂದು, ಅವರನ್ನು ನಗಿಸಲು ನಿನ್ನ ಆಗಸ್ಟ್ ತಿಂಗಳ ಕಾಗದವನ್ನು ಗಟ್ಟಿಯಾಗಿ ಓದಿದೆ. ನಗಿಸಲು, ಪುಟ್ಟೀ!

ಅರ್ಧ ಕ್ಲಾಸು ನಕ್ಕಿತು. ವಕೀಲೆ ನಗಲಿಲ್ಲ. "ಟೀಚರ್, ಲಾಂಡ್ರಿ ಮೆಷಿನ್ ಓಡ್ತಾನೇ ಇದೆ ಅಂತ ಬರ್ದಿದಾರಲ್ಲ. ಕರೆಂಟ್ ಹೋಗಿದ್ರೆ ಅದು ಹೇಗೆ ಓಡುತ್ತೆ?" ಎಂದಳು.

"ಅವರದ್ದು ಬೇರೆ ಲೈನ್ ಇರಬಹುದು, ಕೂತ್ಕೊ" ಎಂದೆ.

"ಕೂತ್ಕೊಳ್ಳಲ್ಲ ಟೀಚರ್. ನಿಘಂಟು ಯಾಕೆ ಕಳಿಸಿದ್ರು?"

ಆಗ ಇಡೀ ತರಗತಿ ಕಪಾಟಿನ ಕಡೆ ತಿರುಗಿತು. ಹಿಂದಿನ ಬೆಂಚಿನಿಂದ ಆ ಹಲ್ಲುನೋವಿನ ಹುಡುಗ ಎದ್ದು ನಿಂತ. ಅವನು ಎಂದೂ ತಾನಾಗಿ ಮಾತಾಡಿದವನಲ್ಲ. "ಟೀಚರ್, ಅವರು ಹೇಳಿದ್ದು ನಮ್ಮ ಕರೆಂಟ್" ಎಂದ.

ನಾನೇ ಕಲಿಸಿದ್ದೆ ಎಲ್ಲವನ್ನೂ, ನಿದ್ದೆ ಕೆಡುವುದು, ಪ್ರಾಣದಂಥ ವಸ್ತು ಕೊಟ್ಟುಬಿಡುವುದು, ಬಾಗಿಲಿಗೆ ಬರಲಾರದವರು, ಎಲ್ಲವನ್ನೂ. ಮಕ್ಕಳು ಕಲಿತರು, ನಾನು ಕಲಿಯಲಿಲ್ಲ.

ನಿನ್ನ ಫೋನ್ ಆಫ್ ಆಗಿದೆ. ಪತ್ರಿಕೆಯ ಕಚೇರಿಗೆ ಮಾಡಿದೆ. "ಅವರು ಜುಲೈನಲ್ಲೇ ಬಿಟ್ರಲ್ಲ, ಈಗ ಹಾಕ್ತಿರೋದೆಲ್ಲ ಹಳೇ ಪದಬಂಧ" ಎಂದರು. ಕಾಲಿಗೆ ಬಿದ್ದು ಕೇಳಿದ ಹಾಗೆ ಕೇಳಿಕೊಂಡೆ, ಜವಾನನನ್ನು ನಿನ್ನ ಕೋಣೆಗೆ ಕಳಿಸಿದರು. ಅವನು ಹೋಗಿ ಬಂದು ಬಾಗಿಲು ಭದ್ರವಾಗಿ ಹಾಕಿದೆ, ಯಾರೂ ಇಲ್ಲ ಎಂದನಂತೆ. ನಿನ್ನ ಕೆಳಗಿನ ಲಾಂಡ್ರಿಯ ಹೆಸರು ಏನು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಆ ಊರಿನಲ್ಲಿ ನನಗೆ ಗೊತ್ತಿರುವವಳು ನೀನೊಬ್ಬಳೇ.

ರಜೆ ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ 'ತಂಗಿಗೆ ಖಿನ್ನತೆ' ಎಂದು ಬರೆದೆ. ಹೆಡ್ ಮಾಸ್ತರು ಓದಿ, ತಗ್ಗಿದ ದನಿಯಲ್ಲಿ, "ತಂಗಿಗೆ ಹುಷಾರಿಲ್ಲ ಅಂತ ಬರೀರಿ ಮೇಡಂ, ಸಾಕು. ನಾಳೆ ನಾಲ್ಕು ಜನ ಏನಾದ್ರೂ ಅಂತಾರೆ" ಎಂದರು. ನಾನು ಪೆನ್ನು ಮುಟ್ಟಲಿಲ್ಲ. ಅವರು ಸಹಿ ಹಾಕಿದರು.

ಇವತ್ತಿನ ಕೊನೆಯ ಬಸ್ಸು ಹೊರಟುಹೋಗಿದೆ, ನಾಳೆಯದಕ್ಕೆ ಇಲ್ಲೇ ಕಾಯುತ್ತೇನೆ, ಆಮೇಲೂ ಎರಡು ಬಸ್ಸು ಬದಲಾಯಿಸಬೇಕು. ಭಾನುವಾರ ಬೆಳಿಗ್ಗೆ ಮುಟ್ಟುತ್ತೇನೆ. ಅಲ್ಲಿಯವರೆಗೆ ಇರು. ಏನೂ ಮಾಡಬೇಡ, ಸುಮ್ಮನೆ ಇರು.

ಅಕ್ಕ


ಸೆಪ್ಟೆಂಬರ್ ೧೪, ನಿನ್ನ ಬಾಗಿಲ ಹೊರಗೆ

ಪುಟ್ಟೀ,

ನಾನು ಬಂದಿದ್ದೇನೆ. ಬಡಿದೆ, ಕೂಗಿದೆ, ಎದುರು ಮನೆಗಳ ಕಿಟಕಿಗಳೆಲ್ಲ ತೆರೆದವು, ನಿನ್ನದೊಂದು ಬಿಟ್ಟು. ಲಾಂಡ್ರಿಗೆ ಇವತ್ತು ರಜೆ. ಇಷ್ಟು ನಿಶ್ಶಬ್ದವನ್ನು ನಾನು ಅಮ್ಮ ಹೋದ ದಿನ ಮಾತ್ರ ಕೇಳಿದ್ದೆ. ಬಾಗಿಲ ಮೇಲೆ ಹಾಲಿನವನಿಗೆ ನೀನು ಬರೆದ ಚೀಟಿ ಇದೆ. ನಿನ್ನ ಅಕ್ಷರ ಎಷ್ಟು ದುಂಡಗಿದೆ.

ಬಾಗಿಲು ತಳ್ಳಿ ನೋಡಿದೆ, ಅಲ್ಲಾಡಲಿಲ್ಲ. ಒಳಗಿನಿಂದ ಚಿಲಕ ಹಾಕಿದ್ದೀಯ. ಎದುರಿನ ಅಂಗಡಿಯವರು ಬಾಗಿಲು ಒಡೆಸಲು ಬಡಗಿಯನ್ನು ಕರೆಯಲು ಹೋಗಿದ್ದಾರೆ. ರಜೆಯ ದಿನ, ಅವನು ಸಿಗಬೇಕಲ್ಲ. ಒಮ್ಮೆ ನೀನು ಕೆಮ್ಮಿದ್ದು ಕೇಳಿಸಿತು. ಅಥವಾ ನನಗೆ ಬೇಕಾದದ್ದು ನನಗೆ ಕೇಳಿಸಿತು.

ಕೂಗುವಾಗ ನಾನು ಟೀಚರ್, ಕಾಗದದಲ್ಲಿ ಅಕ್ಕ ಎಂದು ನೀನೇ ಬರೆದಿದ್ದೆ. ಅದಕ್ಕೇ ಮೆಟ್ಟಿಲ ಮೇಲೆ ಕೂತು ಬರೆದು ಸಂದಿಯಿಂದ ಒಳಗೆ ತಳ್ಳುತ್ತಿದ್ದೇನೆ. ಪೆನ್ಸಿಲನ್ನೂ ಜೊತೆಗೆ ಉರುಳಿಸುತ್ತೇನೆ.

ನಿಮ್ಮನೇಲಿ ಇದೆಯಾ ಎಂದು ಕೇಳಿದ್ದೆಯಲ್ಲ. ನಾನು ಕೊಟ್ಟ ಉತ್ತರ ಸುಳ್ಳು. ನಮ್ಮನೇಲೂ ಇಲ್ಲ ಪುಟ್ಟೀ. ಅಮ್ಮ ಹೋದಂದಿನಿಂದ ಅದು ಹೋಗುತ್ತದೆ, ಬರುತ್ತದೆ. ಸ್ಟಾಫ್ ರೂಮಿನ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತದ್ದುಂಟು. ಗಟ್ಟಿ ಪಿಂಡ ಎಂದು ಬರೆದದ್ದು ನನಗೆ ನಾನೇ ಧೈರ್ಯ ಹೇಳಿಕೊಳ್ಳಲು. ಆ ಸಾಲು ನಿನ್ನ ಬಾಯಿ ಕಟ್ಟುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಬಾಗಿಲು ತೆರೆದರೆ ನಾನು ಏನನ್ನೂ ಕಲಿಸುವುದಿಲ್ಲ. ಕರೆಂಟ್ ಬಂತಾ ಎಂದೂ ಕೇಳುವುದಿಲ್ಲ. ನಿನ್ನ ಬೆಚ್ಚಗಿನ ನೆಲದ ಮೇಲೆ ಪಕ್ಕದಲ್ಲಿ ಮಲಗುತ್ತೇನೆ. ನಾಳೆ ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ, ನಿನ್ನ ಔಷಧಿ ಚೀಟಿಯ ಜೊತೆ ನನಗೂ ಒಂದು ಬರೆಸೋಣ. ನಲವತ್ತೆರಡು ಮಕ್ಕಳು ಸೋಮವಾರ ಹಾಜರಿ ಕೂಗುವಾಗ ನಿನ್ನ ಹೆಸರನ್ನೂ ಕೂಗುತ್ತಾರಂತೆ. 'ಇದ್ದಾಳೆ' ಎಂದು ಹೇಳಿ ಕಳಿಸುತ್ತೇನೆ ಎಂದು ವಕೀಲೆಗೆ ನಾನು ಮಾತು ಕೊಟ್ಟು ಬಂದಿದ್ದೇನೆ.

ಒಂದು ಗೆರೆ ಎಳೆದು ಈಚೆ ತಳ್ಳು. ಒಂದು ಗೆರೆ ಸಾಕು.

ಅಕ್ಕ


ಸೆಪ್ಟೆಂಬರ್ ೧೪, ಅದೇ ಕಾಗದದ ಹಿಂಬದಿ

ಅಕ್ಕಾ,

ಚಿಲಕ ಹಾಕಿಲ್ಲ. ಬಾಗಿಲು ಉಬ್ಬಿದೆ ಎಂದು ಜೂನ್‌ನಲ್ಲೇ ಬರೆದಿದ್ದೆ. ಒಳಗಿನಿಂದ ಎಳೆಯುತ್ತಿದ್ದೇನೆ, ನನ್ನೊಬ್ಬಳಿಂದ ಆಗುತ್ತಿಲ್ಲ.

ಭುಜ ಕೊಟ್ಟು ತಳ್ಳು.